ಎಲ್ಲರಿಗೂ ಒಂದು ಪಾಳಿ

ನನ್ನ ತವರು ಹುಕ್ಕೇರಿ ತಾಲೂಕು, ಗಂಡನ ಊರು ಮೂಡಲಗಿ ಕಡೆ, ಮನೆ ಮಾಡಿರುವುದು ಗೋಕಾಕದಲ್ಲಿ. ಹೀಗಾಗಿ ಪಂಚಮಿಗೆ, ದೀಪಾವಳಿಗೆ, ಐದು ವರ್ಷಕ್ಕೊಮ್ಮೆ ಬರುವ ಗೋಕಾಕದ ಲಕ್ಷ್ಮೀ ಜಾತ್ರೆಗೆ ನಮ್ಮ ಮನೆಯಲ್ಲಿ ಮೂರೂ ಕಡೆಯ ಮಂದಿ ಕೂಡುತ್ತಾರೆ. ನನ್ನ ಸಾಲಿ ಗೆಳತಿಯರು, ನಮ್ಮವರ ಕಾಲೇಜಿನ ದೋಸ್ತರು, ಅವರ ಮಕ್ಕಳು, ಜೊತೆಗೆ ಒಬ್ಬರಾದರೂ ಅತ್ತೆ ಇಲ್ಲವೇ ಅಜ್ಜಿ. ಊಟ ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಫೋನು ಹಿಡಿದು ಕೂಡಬಾರದೆಂದು ಆಟ ಆಡಿಸತೊಡಗಿದೆ. ಆಡಿಸುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಸುಮ್ಮನೆ ಕೂಡುವವರು ಯಾರೆಂದು ಮೊದಲು ನೋಡಿ

ಎಷ್ಟು ಮಂದಿ ಬರುತ್ತಾರೆ ಎಂಬ ಲೆಕ್ಕ ಅಡುಗೆಗೆ ಬೇಕು. ಆಟಕ್ಕೆ ಬೇಕಾದದ್ದು ಬೇರೆ ಲೆಕ್ಕ. ಬಂದವರಲ್ಲಿ ಗೋಡೆಗೆ ಆತು ಕೂತು, ಯಾರಾದರೂ ಮಾತಾಡಿಸಿದರೆ ಮಾತ್ರ ನಗುವವರು ಯಾರು? ಹೊಸದಾಗಿ ಮದುವೆಯಾಗಿ ಬಂದ ಗೆಳೆಯನ ಹೆಂಡತಿ ಇರಬಹುದು, ಕಿವಿ ಮಂದವಾದ ಮಾವನವರು ಇರಬಹುದು, ಗಡಹಿಂಗ್ಲಜ ಕಡೆಯಿಂದ ಬಂದ, ಮನೆಯಲ್ಲಿ ಮರಾಠಿ ಆಡುವ ಗೆಳತಿ ಇರಬಹುದು. ಮೊದಲ ಆಟವನ್ನು ಅವರಿಗಾಗಿಯೇ ಆರಿಸಬೇಕು. ಮಾತುಗಾರರು ಯಾವ ಆಟ ಕೊಟ್ಟರೂ ಆಡುತ್ತಾರೆ, ಅವರ ಚಿಂತೆ ಬೇಡ. ಕಿವಿ ಮಂದ ಇದ್ದವರ ಮುಂದೆ ಅಂತ್ಯಾಕ್ಷರಿ ಹಚ್ಚಿದರೆ ಅವರು ಒಂದು ತಾಸು ಇನ್ನೊಬ್ಬರ ತುಟಿ ನೋಡುತ್ತ ಕೂಡಬೇಕಾಗುತ್ತದೆ. ಅವರಿಗೆ ಕವಡಿ ಕೊಡಿ.

2. ಊರ ಹೆಸರಿನ ಸರಪಳಿ

ನಮ್ಮ ಮನೆಯಲ್ಲಿ ಹೆಚ್ಚು ಸಲ ಆಡಿದ ಆಟ ಇದೇ. ಕಾಸು ಬೇಡ, ಸಾಮಾನು ಬೇಡ. ಹಾಡಿನ ಬದಲು ಊರಿನ ಹೆಸರಿನಿಂದ ಅಂತ್ಯಾಕ್ಷರಿ ಆಡುವುದು, ಅದೂ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಊರು ಮಾತ್ರ. ಕಾಗುಣಿತ ಬಿಟ್ಟು ಕೊನೆಯ ಅಕ್ಷರ ಹಿಡಿಯಬೇಕು. ಮೂಡಲಗಿ ಅಂದರೆ ಗೋಡಚಿನಮಲ್ಕಿ, ಅದಕ್ಕೆ ಕೌಜಲಗಿ, ಅದಕ್ಕೆ ಗುರ್ಲಾಪುರ. ಇಲ್ಲಿಗೆ ಬಂದಾಗ ಆಟ ಬಿಗಿಯಾಗುತ್ತದೆ.

ಏಕೆಂದರೆ ನಮ್ಮ ಸೀಮೆಯಲ್ಲಿ ‘ರ’ದಲ್ಲಿ ಮುಗಿಯುವ ಊರುಗಳು ವಿಪರೀತ. ಮಲ್ಲಾಪುರ, ಮಮದಾಪುರ, ಪಾಶ್ಚಾಪುರ, ನಾಗನೂರ, ಕೊಣ್ಣೂರ, ಸಂಕೇಶ್ವರ ಎಲ್ಲ ‘ರ’. ಬೆಟಗೇರಿ, ಘೋಡಗೇರಿ, ಕೊನೆಗೆ ಹುಕ್ಕೇರಿಯೂ ‘ರ’. ಆದರೆ ‘ರ’ದಿಂದ ಶುರುವಾಗುವ ಊರು ಕೇಳಿದರೆ ಎಲ್ಲರೂ ತಲೆ ಕೆರೆಯುತ್ತಾರೆ. ರಾಜಾಪುರ, ರಂಗಾಪುರ ನೆನಪಾದವರು ಬದುಕಿದರು. ಅಷ್ಟೇ ಅಲ್ಲ, ಆ ಎರಡೂ ಹೆಸರು ‘ರ’ದಲ್ಲೇ ಮುಗಿಯುವುದರಿಂದ ಎದುರಿನ ತಂಡಕ್ಕೆ ಅದೇ ಗಂಟು ವಾಪಸು ಹೋಗುತ್ತದೆ. ಇದನ್ನು ಅರಿತ ಮಕ್ಕಳು ರಾಜಾಪುರವನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡು ಆಡುವುದನ್ನು ನೋಡಿದ್ದೇನೆ. ಒಂದು ನಿಯಮವನ್ನು ಮೊದಲೇ ಹೇಳಿಬಿಡಿ. ಕೊನೆಯ ಅಕ್ಷರಕ್ಕೆ ಊರೇ ಇಲ್ಲದಿದ್ದರೆ ಅದರ ಹಿಂದಿನ ಅಕ್ಷರ ಹಿಡಿಯಬಹುದು. ವಡೇರಹಟ್ಟಿಯ ‘ಟ’ಕ್ಕೆ ಊರಿಲ್ಲ, ಹಾಗಾಗಿ ‘ಹ’ ಹಿಡಿದು ಹಳ್ಳೂರ.

ಈ ಆಟದಲ್ಲಿ ಗೆಲ್ಲುವವರು ಕಾಲೇಜು ಹುಡುಗರಲ್ಲ. ಬಸ್ಸಿನ ಕಂಡಕ್ಟರ್ ಕೆಲಸ ಮಾಡಿದವರು, ಊರೂರಿಗೆ ವರ್ಗವಾಗಿ ಹೋದ ಸಾಲಿ ಮಾಸ್ತರರು, ಎಲ್ಲಕ್ಕಿಂತ ಹೆಚ್ಚಾಗಿ ಕನ್ಯೆ-ವರ ನೋಡಿ ನೂರಾರು ಮನೆಗೆ ಬೀಗತನ ಕೂಡಿಸಿದ ಅಜ್ಜಿಯರು. ಯಾವ ಊರಿಗೆ ಯಾವ ಮನೆತನದ ಹೆಣ್ಣು ಹೋಗಿದೆ ಎಂಬ ದಾರಿ ಹಿಡಿದು ಅವರು ಊರನ್ನು ನೆನೆಸುತ್ತಾರೆ. ‘ನಮ್ಮ ಗಂಗವ್ವನ ನಾದಿನಿನ ಕೊಟ್ಟಾರಲ್ಲ, ಸುಣಧೋಳಿ, ಬರ್ಕೋರಿ’ ಎಂದು ಅಜ್ಜಿ ಅಂದಾಗ ಮೊಮ್ಮಕ್ಕಳು ತಿರುಗಿ ನೋಡುವ ನೋಟವಿದೆಯಲ್ಲ, ಅದಕ್ಕಾಗಿ ನಾನು ಈ ಆಟ ಆಡಿಸುತ್ತೇನೆ. ಜಗಳವೂ ಆಗುತ್ತದೆ. ಮೂಡಲಗಿ ಮೊದಲು ಗೋಕಾಕ ತಾಲೂಕಿನೊಳಗೇ ಇದ್ದುದರಿಂದ ಯಾವ ಹಳ್ಳಿ ಈಗ ಯಾವ ತಾಲೂಕಿಗೆ ಸೇರಿತು ಎಂಬ ವಾದ ಏಳುತ್ತದೆ. ಏಳಲಿ. ಮೂರರಲ್ಲಿ ಯಾವುದಾದರೂ ಒಂದು ತಾಲೂಕಿನಲ್ಲಿದ್ದರೆ ಸಾಕೆಂದು ತೀರ್ಪು ಕೊಟ್ಟು ಮುಂದೆ ಸಾಗಿ.

3. ಒಡಪು: ಗಂಡಸರಿಗೂ ಬಿಡುಗಡೆಯಿಲ್ಲ

ಮದುವೆಯಲ್ಲಿ, ಕುಬಸದಲ್ಲಿ, ಹೊಸ ಜೋಡಿ ಹೊಸ್ತಿಲು ದಾಟುವಾಗ ಅಡ್ಡಗಟ್ಟಿ ಒಡಪಿನಲ್ಲಿ ಗಂಡನ ಇಲ್ಲವೇ ಹೆಂಡತಿಯ ಹೆಸರು ಹೇಳಿಸುವುದು ನಮ್ಮಲ್ಲಿ ಇದ್ದೇ ಇದೆ. ಅದನ್ನು ನಾನು ಚಾವಡಿಯ ಆಟ ಮಾಡಿದೆ. ಎರಡು ಸಾಲು, ಪ್ರಾಸ ಕೂಡಬೇಕು, ಒಳಗೊಂದು ಹೆಸರು ಬರಬೇಕು. ಹಳೆಯ ಒಡಪು ಹೇಳಿದರೆ ಒಂದು ಅಂಕ, ಅಲ್ಲೇ ಕಟ್ಟಿ ಹೇಳಿದರೆ ಮೂರು. ಕಟ್ಟುವವರಿಗೆ ಕೈಯಾಸರೆಯಾಗಿ ಚೀಟಿಯಲ್ಲಿ ಒಂದು ಊರಿನ ಇಲ್ಲವೇ ತಿನಿಸಿನ ಹೆಸರು ಕೊಡುತ್ತೇನೆ. ‘ಕರದಂಟು’ ಎಂಬ ಚೀಟಿ ಬಂದಾಗ ಒಮ್ಮೆ ನಮ್ಮ ಮನೆಯಲ್ಲಿ ಹುಟ್ಟಿದ ಒಡಪು ಇದು:

ಹಿಡಕಲ್ ಕಟ್ಟಿಯ ನೀರು ಧೂಪದಾಳಕ ಬಂತು,
ಇಂಥವರ ಕೈಯಾಗ ಗೋಕಾವಿ ಕರದಂಟು.

‘ಇಂಥವರ’ ಎಂಬಲ್ಲಿ ಹೆಸರು. ಘಟಪ್ರಭೆಯ ನೀರು ನಿಜವಾಗಿಯೂ ಹಿಡಕಲ್ ಜಲಾಶಯದಿಂದ ಇಳಿದು ಧೂಪದಾಳದ ಒಡ್ಡಿಗೆ ಬರುತ್ತದೆ, ಹಾಗಾಗಿ ಒಡಪಿನ ಲೆಕ್ಕವೂ ಸರಿ.

ಗಂಡಸರು ಹೆಂಡತಿಯ ಹೆಸರು ಹಾಕಿ ಹೇಳಲೇಬೇಕೆಂಬುದು ನಮ್ಮ ಮನೆಯ ನಿಯಮ. ಮೊದಲು ನಾಚುತ್ತಾರೆ, ಆಮೇಲೆ ಮೈಕು ಸಿಕ್ಕವರಂತೆ ಬಿಡುವುದೇ ಇಲ್ಲ. ಸಂಕೇಶ್ವರ, ಕಣಗಲಾ ಕಡೆಯ ಮರಾಠಿ ಗೆಳತಿಯರು ಈ ಆಟದಲ್ಲಿ ಅರಳುತ್ತಾರೆ, ಅವರಲ್ಲಿ ಇದೇ ರೂಢಿ ಉಖಾಣೆ ಎಂದಿದೆ. ಮರಾಠಿಯಲ್ಲೇ ಹೇಳಲಿ, ಪ್ರಾಸ ಕಿವಿಗೆ ಬಿದ್ದರೆ ಅಂಕ ಕೊಡಿ.

ಒಂದು ಎಚ್ಚರ ಮಾತ್ರ ಮನಸ್ಸಿಟ್ಟು ಪಾಲಿಸಿ. ಗಂಡನನ್ನು ಕಳೆದುಕೊಂಡವರು, ಬಿಟ್ಟು ಬಂದವರು, ಮದುವೆಯ ಮಾತೆತ್ತಿದರೆ ಮುಖ ಬಾಡುವವರು ನಮ್ಮ ನಡುವೆ ಕೂತಿರುತ್ತಾರೆ. ಅದಕ್ಕೇ ಆಟ ಶುರುವಾಗುವ ಮೊದಲೇ, ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿಬಿಡುತ್ತೇನೆ: ಯಾರ ಹೆಸರಾದರೂ ನಡೆಯುತ್ತದೆ. ಅವ್ವನ ಹೆಸರು, ತವರೂರಿನ ಹೆಸರು, ಕಲಿಸಿದ ಅಕ್ಕೋರ ಹೆಸರು, ಕಟ್ಟಿದ ಎಮ್ಮೆಯ ಹೆಸರು. ಹೀಗೆ ಬಾಗಿಲು ತೆರೆದ ಮೇಲೆ ಎಷ್ಟೋ ಸಲ ಅತಿ ಚೆಂದದ ಒಡಪು ಬಂದದ್ದು ಅವ್ವನ ಹೆಸರಿನಲ್ಲೇ. ಈ ಒಂದು ಮಾತು ಹೇಳಲು ಆಗದಿದ್ದರೆ ಒಡಪಿನ ಆಟವನ್ನೇ ಹಚ್ಚಬೇಡಿ.

4. ಚೌಕಾಬಾರಾ ಜೋಡಿಯಾಗಿ ಆಡಿಸಿ

ನಾಲ್ಕು ಮಂದಿಯ ಆಟವನ್ನು ಎಂಟು ಮಂದಿಯ ಆಟ ಮಾಡುವ ದಾರಿ ಸರಳ. ಒಂದೊಂದು ಬದಿಗೆ ಇಬ್ಬರು, ಒಬ್ಬರು ಹಿರಿಯರು, ಒಬ್ಬರು ಕಿರಿಯರು. ಹಿರಿಯರು ಕವಡಿ ಹಾಕಿದರೆ ಕಿರಿಯರು ಕಾಯಿ ನಡೆಸಲಿ, ಮುಂದಿನ ಪಾಳಿಗೆ ಅದಲುಬದಲು. ಕೂತು ಏಳುವುದು ಕಷ್ಟವಾದವರಿಗೆ ಹಲಗೆಯ ಮೇಲೆ ಮನೆ ಬರೆದು ಮೇಜಿನ ಮೇಲಿಡಿ. ಐದು ಸಾಲು ಐದು ಮನೆ, ನಾಲ್ಕು ಕವಡಿ ಸಾಕು. ಕವಡಿ ಇಲ್ಲವೆಂದರೆ ಹುಣಸಿ ಬೀಜ ಸೀಳಿ, ಬಿಳಿ ಮೈ ಒಂದು ಬದಿ, ಕಂದು ಮೈ ಇನ್ನೊಂದು ಬದಿ.

ಇಲ್ಲಿ ತಕರಾರು ಬರುವುದು ಆಟದಿಂದಲ್ಲ, ನಿಯಮದಿಂದ. ನಾಲ್ಕೂ ಕವಡಿ ಮೇಲ್ಮುಖವಾಗಿ ಬಿದ್ದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು ಎಂಬುದರಲ್ಲಿ ಯಾರಿಗೂ ಜಗಳವಿಲ್ಲ. ಆದರೆ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗಬಹುದೇ? ಮೂರು ಸಲ ಸಾಲಾಗಿ ನಾಲ್ಕು ಬಿದ್ದರೆ ಲೆಕ್ಕ ಉಳಿಯುತ್ತದೆಯೇ, ಅಳಿಯುತ್ತದೆಯೇ? ಒಂದೇ ಮನೆಯಲ್ಲಿ ಎರಡು ಕಾಯಿ ಜೋಡಿಯಾದರೆ ಗಟ್ಟಿಯೇ? ಮನೆಮನೆಗೆ ಉತ್ತರ ಬೇರೆ. ಮನೆ ಬರೆಯುವ ಸುಣ್ಣದ ಕಡ್ಡಿಯಿಂದಲೇ ಪಕ್ಕದಲ್ಲಿ ಅಂದಿನ ನಿಯಮ ಬರೆಯಿರಿ. ಬರೆದದ್ದರ ಮುಂದೆ ಹಟ ನಡೆಯುವುದಿಲ್ಲ. ಇನ್ನೊಂದು ಮಾತು: ಶೇಂಗಾ ಕಾಳನ್ನು ಕಾಯಿ ಮಾಡಬೇಡಿ, ಆಟ ಮುಗಿಯುವ ಮೊದಲೇ ಮಕ್ಕಳು ತಿಂದಿರುತ್ತಾರೆ. ಒಡೆದ ಬಳೆಯ ಚೂರೂ ಬೇಡ. ಬಣ್ಣಬಣ್ಣದ ಗುಂಡಿಗಳು ಒಳ್ಳೆಯವು.

5. ಗೋಕಾಕದ ಗೊಂಬೆ ಬುಟ್ಟಿ

ನಮ್ಮೂರಿನ ಕಟ್ಟಿಗೆಯ ಹಣ್ಣು, ಕಾಯಿಪಲ್ಲೆಯ ಗೊಂಬೆಗಳನ್ನು ಎಲ್ಲರೂ ಶೋಕೇಸಿನಲ್ಲಿ ಇಟ್ಟು ಬೀಗ ಹಾಕುತ್ತಾರೆ. ನಾನು ಹೊರಗೆ ತೆಗೆದೆ. ಒಂದು ಬುಟ್ಟಿಯಲ್ಲಿ ಹದಿನೈದೋ ಇಪ್ಪತ್ತೋ ಗೊಂಬೆ ಜೋಡಿಸಿ, ಬಟ್ಟೆ ಸರಿಸಿ ಒಂದು ನಿಮಿಷ ತೋರಿಸಿ, ಮತ್ತೆ ಮುಚ್ಚಿ. ನೆನಪಿನಿಂದ ಹೆಸರು ಬರೆಯಬೇಕು. ಬರೆಯಲು ಬಾರದವರು ಪಕ್ಕದವರ ಕಿವಿಯಲ್ಲಿ ಹೇಳಿ ಬರೆಸಲಿ. ಎರಡನೆಯ ಸುತ್ತಿಗೆ ಬುಟ್ಟಿಯಲ್ಲಿ ಎರಡು ನಿಜವಾದ ಹಣ್ಣು ಸೇರಿಸಿ, ಮುಟ್ಟದೆ ಗುರುತಿಸಲು ಹೇಳಿ. ನಮ್ಮ ಕಲಾವಿದರ ಬಣ್ಣದ ಕೈ ಎಂಥದ್ದೆಂದು ಪರವೂರಿನ ಗೆಳೆಯರಿಗೆ ಆಗ ತಿಳಿಯುತ್ತದೆ. ಹೋಗುವಾಗ ಒಂದೆರಡು ಕೊಂಡುಕೊಂಡೇ ಹೋಗುತ್ತಾರೆ.

6. ಅಂಕಿಗೆ ನಮ್ಮದೇ ಹೆಸರು

ಇಪ್ಪತ್ತು ಮಂದಿ ದಾಟಿದರೆ ತಂಬೋಲಾ ಬಿಟ್ಟು ಗತಿಯಿಲ್ಲ. 1ರಿಂದ 90, ಒಂದು ಚೀಟಿಯಲ್ಲಿ ಹದಿನೈದು ಅಂಕಿ, ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಂಕಿಯನ್ನು ಬರೇ ಕೂಗಿದರೆ ಬ್ಯಾಂಕಿನ ಟೋಕನ್ ಕೇಳಿದಂತಿರುತ್ತದೆ. ನಾವು ಒಂದೊಂದು ಅಂಕಿಗೂ ನಮ್ಮ ಸೀಮೆಯ ಗುರುತು ಕಟ್ಟಿದೆವು. ಹಿಡಕಲ್ ಜಲಾಶಯ ಹಿಡಿಯುವ ಟಿಎಂಸಿ ನೀರು, 51. ಗೋಕಾಕ ಜಲಪಾತದ ಎತ್ತರ ಮೀಟರಿನಲ್ಲಿ, 52. ಇಸವಿಯಾದರೆ ಕೊನೆಯ ಎರಡು ಅಂಕಿ. ಗಾಂಧೀಜಿ ಅಧ್ಯಕ್ಷರಾಗಿ ಬೆಳಗಾವಿಗೆ ಬಂದ ಕಾಂಗ್ರೆಸ್ ಅಧಿವೇಶನ, 24. ಘೋಡಗೇರಿಯಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದ ವರ್ಷ, 37. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರುವಾದದ್ದು, 69. ಏಕೀಕರಣ, 56.

ಗುರುತು ಮಾತ್ರ ಕೂಗಿ, ಅಂಕಿಯನ್ನು ಅವರೇ ಹೇಳಲಿ. 82ಕ್ಕೆ ಗೋಕಾಕ ಚಳವಳಿ ಎಂದರೆ ನಮ್ಮೂರಲ್ಲೇ ನಡೆದದ್ದೆಂದು ಮಕ್ಕಳು ತಿಳಿಯುತ್ತಾರೆ. ಅದು ವಿ.ಕೃ. ಗೋಕಾಕರ ವರದಿಯಿಂದ ಬಂದ ಹೆಸರೆಂದೂ, ಅವರು ಹುಟ್ಟಿದ್ದು ಸವಣೂರಿನಲ್ಲೆಂದೂ ಹಿರಿಯರೊಬ್ಬರು ಹೇಳುತ್ತಾರೆ. ಎರಡು ನಿಮಿಷ ಆಟ ನಿಂತರೂ ಚಿಂತೆಯಿಲ್ಲ.

7. ಮೂಕಾಭಿನಯಕ್ಕೆ ಸಿನಿಮಾ ಒಂದೇ ಅಲ್ಲ

ಸಿನಿಮಾ ಹೆಸರು ಕೊಟ್ಟರೆ ಹುಡುಗರಷ್ಟೇ ಆಡುತ್ತಾರೆ. ಪುಸ್ತಕದ ಹೆಸರು ಬೆರೆಸಿ: ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರ ‘ಜ್ವಾಲಾಮುಖಿಯ ಮೇಲೆ’, ಕಂಬಾರರ ‘ಕರಿಮಾಯಿ’. ಇನ್ನು ಕುಲಗೋಡ ತಮ್ಮಣ್ಣನವರ ಶ್ರೀಕೃಷ್ಣ ಪಾರಿಜಾತ ಹುಟ್ಟಿದ ಮಣ್ಣು ನಮ್ಮದು. ಪಾರಿಜಾತದ ಹೂವು ರುಕ್ಮಿಣಿಗೆ ಹೋಯಿತೆಂದು ಸತ್ಯಭಾಮೆ ಸಿಟ್ಟಾದದ್ದನ್ನು ಮಾತಿಲ್ಲದೆ ಮಾಡಿ ತೋರಿಸಿ ಎಂದು ಚೀಟಿ ಬರೆದರೆ, ರಾತ್ರಿಯೆಲ್ಲ ಆಟ ನೋಡಿ ಬೆಳೆದ ಕಾಕಾಂದಿರು ಎದ್ದು ನಿಲ್ಲುತ್ತಾರೆ. ಅವರನ್ನು ಕೂಡಿಸುವುದೇ ಕಷ್ಟ, ಕೂಡಿಸಲೂಬಾರದು.

8. ರೊಕ್ಕ ಬೇಡ

ಎಲಿ ಆಟ ಆಡಲಿ. ಬದಾಮ ಸತ್ತಿ ಆಡಲಿ, ಕತ್ತೆ ಆಟ ಆಡಲಿ. ಹತ್ತು ರೂಪಾಯಿ ಇಟ್ಟರೂ ಚಾವಡಿಯ ಗಾಳಿ ಬದಲಾಗುತ್ತದೆ. ದೀಪಾವಳಿಯ ಹೊತ್ತಿಗೆ ‘ಹಬ್ಬಕ್ಕೊಂದು ದಿನ’ ಎಂದು ಅಂದರ್ ಬಾಹರ್ ಹಾಕುವ ಮನೆಗಳಿವೆ. ನಮ್ಮ ಮನೆಯಲ್ಲಿ ಯಾರೇ ಕೇಳಿದರೂ ಇಲ್ಲ. ಗೆದ್ದವರಿಗೆ ಪಾವು ಕಿಲೋ ಕರದಂಟಿನ ಪೊಟ್ಟಣ, ಅದನ್ನು ಅಲ್ಲೇ ಬಿಚ್ಚಿ ಎಲ್ಲರಿಗೂ ಹಂಚಬೇಕು. ಎಲಿ ಎತ್ತಿಟ್ಟ ಮೇಲೆ ಹಂಚಲಿ. ಬೆಲ್ಲ ಅಂಟಿದ ಕೈಗೆ ಎಲಿ ಕೊಟ್ಟರೆ ಆ ಜೋಡಿ ಮತ್ತೆ ಬಳಕೆಗೆ ಬರುವುದಿಲ್ಲ.

9. ಅಡುಗೆಮನೆ ಖಾಲಿಯಾಗುವ ತನಕ ಕವಡಿ ಹಾಕಬೇಡಿ

ಎಷ್ಟೋ ಮನೆಗಳಲ್ಲಿ ಚಾವಡಿಯಲ್ಲಿ ನಗು ಕೇಳುತ್ತಿರುತ್ತದೆ, ಮನೆಯವಳು ಒಳಗೆ ಮಿರ್ಚಿ ಭಜಿ ಕರಿಯುತ್ತಿರುತ್ತಾಳೆ. ಅವಳು ಸೆರಗಿಗೆ ಕೈ ಒರೆಸುತ್ತ ಹೊರಗೆ ಬರುವ ಹೊತ್ತಿಗೆ ಮಂದಿ ಚಪ್ಪಲಿ ಹುಡುಕುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಊಟ ಇದಕ್ಕೆ ಅನುಕೂಲವಾಗಿಯೇ ಇದೆ. ಕಟಕ ರೊಟ್ಟಿ ಹಿಂದಿನ ದಿನವೇ ಬಡಿದಿಡಬಹುದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಮೊಳಕೆ ಕಾಳಿನ ಉಸುಳಿ, ಶೇಂಗಾ ಹೋಳಿಗೆ, ಯಾವುದೂ ಕೊನೆಯ ಗಳಿಗೆಯಲ್ಲಿ ಒಲೆ ಬೇಡುವುದಿಲ್ಲ. ಭಜಿ ಬೇಕೇ ಬೇಕೆಂದವರು ತಾವೇ ಕರಿಯಲಿ. ಚಹಾದ ಪಾಳಿಯನ್ನೂ ಆಟದೊಳಗೆ ಸೇರಿಸಿ: ಊರ ಹೆಸರಿನ ಸರಪಳಿಯಲ್ಲಿ ‘ರ’ಕ್ಕೆ ಸಿಕ್ಕು ಸೋತ ತಂಡ ಎಲ್ಲರಿಗೂ ಚಹಾ ಮಾಡಬೇಕು, ಕಪ್ಪು ತೊಳೆಯಬೇಕು. ತಂಡ ಹಂಚುವಾಗ ಎರಡೂ ಕಡೆ ಗಂಡಸರು ಸಮನಾಗಿ ಇರುವಂತೆ ನೋಡಿಕೊಳ್ಳಿ. ಸಕ್ಕರೆ, ಚಹಾಪುಡಿಯ ಡಬ್ಬಿ ಎಲ್ಲಿದೆ ಎಂಬುದನ್ನು ಮೊದಲೇ ತೋರಿಸಿಡಿ, ಇಲ್ಲದಿದ್ದರೆ ಅದನ್ನು ಕೇಳಲು ಮತ್ತೆ ನಿಮ್ಮನ್ನೇ ಒಳಗೆ ಕರೆಯುತ್ತಾರೆ.