ನೆಂಟರು ಯಾರು, ಮನೆಯವರು ಯಾರು? ಕೋಸ್ಟಾ ಡೆಲ್ ಸೋಲ್ ಪಾಠದ ಮರುಯೋಜನೆ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ ಪಾಠವೊಂದನ್ನು ವೀಕ್ಷಿಸಿದೆ. ಪ್ರವಾಸಿ ತಾಣದಲ್ಲಿ ನೆಲೆಸಿದ ವಿದೇಶಿಯರೂ ಅಲ್ಲಿಗೆ ಬಂದುಹೋಗುವ ಪ್ರವಾಸಿಗರೂ ಒಬ್ಬರನ್ನೊಬ್ಬರು ಹೇಗೆ ಕಾಣುತ್ತಾರೆ ಎಂಬುದು ವಿಷಯ. ಉದಾಹರಣೆಗೆ ಆರಿಸಿಕೊಂಡದ್ದು ಸ್ಪೇನಿನ ದಕ್ಷಿಣ ಕರಾವಳಿ. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು, ಭೂಪಟವಿತ್ತು, ಪ್ರಶ್ನೆಗಳು ಎಲ್ಲ ಬೆಂಚುಗಳನ್ನೂ ತಲುಪಿದವು. ಅವಧಿ ಮುಗಿದಾಗ ಕಪ್ಪುಹಲಗೆಯ ಮೇಲೆ ಎರಡು ಅಂಕಣಗಳಿದ್ದವು. ‘ಪ್ರವಾಸಿಗರು’ ಎಂಬುದರ ಕೆಳಗೆ ಗಲಾಟೆ, ಕುಡಿತ, ದುಂದುವೆಚ್ಚ, ಅವಸರ. ‘ನಿವಾಸಿಗಳು’ ಎಂಬುದರ ಕೆಳಗೆ ಶಾಂತ ಜೀವನ, ಸ್ಥಳೀಯರೊಂದಿಗೆ ಸ್ನೇಹ, ಭಾಷೆಯ ಕಲಿಕೆ, ಸಂಸ್ಕೃತಿಗೆ ಗೌರವ. ಮಕ್ಕಳು ಅದನ್ನು ಹಾಗೆಯೇ ನೋಟ್‌ಬುಕ್ಕಿಗೆ ಇಳಿಸಿಕೊಂಡರು.

ವಿಮರ್ಶಾ ಸಭೆಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: “ಈ ಪಟ್ಟಿ ಕೊಟ್ಟವರು ಯಾರು?” ಪ್ರಶಿಕ್ಷಣಾರ್ಥಿ ಸ್ವಲ್ಪ ಹೊತ್ತು ಯೋಚಿಸಿ, “ನಿವಾಸಿಗಳೇ ಸರ್” ಎಂದರು. ತಪ್ಪು ಅಲ್ಲಿಯೇ ಇತ್ತು. ಒಂದು ಗುಂಪು ಇನ್ನೊಂದರ ಬಗ್ಗೆ ಹೇಳಿದ ಮಾತನ್ನು ನಾವು ಆ ಗುಂಪಿನ ಲಕ್ಷಣವೆಂದು ಬರೆಸಿದ್ದೆವು. ಪೂರ್ವಗ್ರಹವನ್ನು ಅರ್ಥಮಾಡಿಸಬೇಕಾದ ಪಾಠ ಪೂರ್ವಗ್ರಹವನ್ನೇ ಕಲಿಸಿತ್ತು. ಅದೇ ಪಾಠವನ್ನು ಕಾಲೇಜಿನಲ್ಲಿ ಕೂತು ಮತ್ತೆ ಯೋಜಿಸಿ, ಇನ್ನೊಂದು ವಿಭಾಗದಲ್ಲಿ ಬೋಧಿಸಲಾಯಿತು. ಆ ಮರುಯೋಜನೆಯನ್ನು ಇಲ್ಲಿ ಕೊಟ್ಟಿದ್ದೇನೆ.

ಬೋಧಕರಿಗೆ ಬೇಕಾದ ಹಿನ್ನೆಲೆ

ಕೋಸ್ಟಾ ಡೆಲ್ ಸೋಲ್ ಎಂದರೆ ‘ಸೂರ್ಯನ ಕರಾವಳಿ’. ಇದು ಸ್ಪೇನಿನ ಅಂದಲೂಸಿಯಾ ಪ್ರಾಂತದ ಮಾಲಗಾ ಜಿಲ್ಲೆಯ ಮೆಡಿಟರೇನಿಯನ್ ಸಮುದ್ರ ತೀರ. ಟೊರೆಮೊಲಿನೋಸ್, ಫುಯೆಂಗಿರೋಲಾ, ಮಿಹಾಸ್, ಮಾರ್ಬೆಯಾ ಇಲ್ಲಿನ ಮುಖ್ಯ ಊರುಗಳು. 1950ರವರೆಗೆ ಇಲ್ಲಿ ಹೆಚ್ಚಾಗಿ ಮೀನುಗಾರಿಕೆ ಮತ್ತು ಬೇಸಾಯವಿತ್ತು. 1959ರಲ್ಲಿ ಸ್ಪೇನ್ ತನ್ನ ಆರ್ಥಿಕ ನೀತಿಯನ್ನು ಬದಲಿಸಿ ಹೊರಗಿನ ಹಣಕ್ಕೆ ಬಾಗಿಲು ತೆರೆಯಿತು. 1960ರ ದಶಕದಲ್ಲಿ ವಿಮಾನ, ಹೋಟೆಲು, ಊಟ ಎಲ್ಲ ಸೇರಿದ ಪ್ಯಾಕೇಜ್ ಪ್ರವಾಸಗಳು ಬಂದವು. ಬ್ರಿಟನ್ನಿನ ಕಾರ್ಖಾನೆ ಕೆಲಸಗಾರರಿಗೂ ವರ್ಷಕ್ಕೆ ಒಂದೆರಡು ವಾರದ ಬಿಸಿಲು ಕೈಗೆಟುಕಿತು. ಹೀಗೆ ಬಂದವರಲ್ಲಿ ಕೆಲವರು ನಿವೃತ್ತಿಯ ನಂತರ ಇಲ್ಲೇ ಮನೆ ಕೊಂಡು ನೆಲೆಸಿದರು. 1986ರಲ್ಲಿ ಸ್ಪೇನ್ ಯುರೋಪಿಯನ್ ಸಮುದಾಯವನ್ನು ಸೇರಿದ ಮೇಲೆ ಬಂದು ನೆಲೆಸುವುದು ಇನ್ನೂ ಸುಲಭವಾಯಿತು.

ಈ ಇತಿಹಾಸದಲ್ಲಿ ಬೋಧಕರು ಗಮನಿಸಬೇಕಾದ ಅಂಶವೊಂದಿದೆ. ಇಲ್ಲಿನ ನಿವಾಸಿಗಳಲ್ಲಿ ಅನೇಕರು ಮೊದಲು ಈ ತೀರವನ್ನು ನೋಡಿದ್ದು ಪ್ರವಾಸಿಗರಾಗಿಯೇ. ಇಂದು ಅವರು ಯಾರನ್ನು ದೂರುತ್ತಾರೋ, ನಿನ್ನೆ ಅವರೂ ಅದೇ ಆಗಿದ್ದರು.

ಸಮಾಜಶಾಸ್ತ್ರಜ್ಞೆ ಕೇರನ್ ಒ’ರೈಲಿ 1990ರ ದಶಕದಲ್ಲಿ ಫುಯೆಂಗಿರೋಲಾ ಪರಿಸರದಲ್ಲಿ ಬ್ರಿಟಿಷ್ ನಿವಾಸಿಗಳ ನಡುವೆ ಇದ್ದು ಅಧ್ಯಯನ ಮಾಡಿದರು. ಅವರ ಪುಸ್ತಕ 2000ದಲ್ಲಿ ಪ್ರಕಟವಾಯಿತು. ತಾವು ಪ್ರವಾಸಿಗರಲ್ಲ ಎಂದು ತೋರಿಸಿಕೊಳ್ಳುವುದು ಆ ನಿವಾಸಿಗಳ ಬದುಕಿನಲ್ಲಿ ಎಷ್ಟು ಮುಖ್ಯವಾಗಿತ್ತೆಂದು ಅವರು ವಿವರಿಸಿದ್ದಾರೆ. ಜೊತೆಗೇ, ಸ್ಪೇನಿನ ಜೀವನವನ್ನು ಮೆಚ್ಚುತ್ತಿದ್ದ ಬಹಳಷ್ಟು ಜನರ ದಿನಚರಿ ಬ್ರಿಟಿಷ್ ಗೆಳೆಯರು, ಬ್ರಿಟಿಷ್ ಕ್ಲಬ್ಬುಗಳು, ಇಂಗ್ಲಿಷ್ ಪತ್ರಿಕೆಗಳ ನಡುವೆಯೇ ಸಾಗುತ್ತಿತ್ತೆಂಬುದನ್ನೂ ಅವರು ಗುರುತಿಸಿದರು. ಮೊದಲ ಪಾಠದ ‘ನಿವಾಸಿಗಳು’ ಅಂಕಣ ಇಲ್ಲಿಯೇ ಅಲುಗಾಡುತ್ತದೆ.

ನಿವಾಸಿಯ ಕಣ್ಣಿನಲ್ಲಿ ಪ್ರವಾಸಿ

ಬೇಸಿಗೆ ಬಂದರೆ ರಸ್ತೆಯಲ್ಲಿ ವಾಹನ ನಿಲ್ಲಿಸಲು ಜಾಗವಿರುವುದಿಲ್ಲ, ರಾತ್ರಿ ಗದ್ದಲ, ಅಂಗಡಿಗಳಲ್ಲಿ ನೂಕುನುಗ್ಗಲು. ಪ್ರವಾಸಿಗೆ ಇದು ರಜೆಯ ಜಾಗ, ನಿವಾಸಿಗೆ ನಾಳೆ ಬೆಳಿಗ್ಗೆ ವೈದ್ಯರನ್ನು ಕಾಣಲು ಹೋಗಬೇಕಾದ ಊರು. ದೂರಿನಲ್ಲಿ ಸತ್ಯವಿದೆ. ಆದರೆ ನಿವಾಸಿ ನಡೆಸುವ ಕಾಫಿ ಅಂಗಡಿಗೆ, ಬಾಡಿಗೆಗೆ ಕೊಟ್ಟ ಮನೆಗೆ ಗಿರಾಕಿ ಇದೇ ಪ್ರವಾಸಿ. ಊರಿನ ಸುದ್ದಿ ಹೊತ್ತು ತರುವವನೂ ಅವನೇ. ಬೇಸಿಗೆಯಲ್ಲಿ ನಿವಾಸಿಯ ಮನೆಗೇ ಮಕ್ಕಳು, ಮೊಮ್ಮಕ್ಕಳು, ಹಳೆಯ ನೆರೆಹೊರೆಯವರು ಬಂದಿಳಿಯುತ್ತಾರೆ. ಆಗ ಪ್ರವಾಸಿಗರನ್ನು ದೂರುವ ಮನೆಯೇ ಪ್ರವಾಸಿಗರಿಗೆ ಛತ್ರವಾಗುತ್ತದೆ.

ಪ್ರವಾಸಿಯ ಕಣ್ಣಿನಲ್ಲಿ ನಿವಾಸಿ

ಪ್ರವಾಸಿಯ ನೋಟವೂ ಒಂದೇ ಬಣ್ಣದ್ದಲ್ಲ. ನಮಗೆ ಎರಡು ವಾರ ಸಿಗುವ ಬಿಸಿಲು ಇವರಿಗೆ ವರ್ಷವಿಡೀ ಎಂಬ ಹೊಟ್ಟೆಕಿಚ್ಚು ಇರಬಹುದು. ಇಷ್ಟು ವರ್ಷ ಇದ್ದೂ ಸ್ಪ್ಯಾನಿಷ್ ಬಾರದಲ್ಲ ಎಂಬ ತಾತ್ಸಾರವಿರಬಹುದು. ವಯಸ್ಸಾದ ಮೇಲೆ ಮಕ್ಕಳಿಂದ ದೂರ ಒಂಟಿಯಾಗಿದ್ದಾರೆ ಎಂಬ ಮರುಕವೂ ಇರಬಹುದು. ಇದರ ಜೊತೆಗೆ ಪತ್ರಿಕೆಗಳು ಕಟ್ಟಿದ ಚಿತ್ರವೊಂದಿದೆ. ಬ್ರಿಟನ್ ಮತ್ತು ಸ್ಪೇನ್ ನಡುವಿನ ಅಪರಾಧಿ ಹಸ್ತಾಂತರ ಒಪ್ಪಂದ 1978ರಲ್ಲಿ ಮುರಿದುಬಿತ್ತು, ಹೊಸದು ಬಂದದ್ದು 1985ರಲ್ಲಿ. ಈ ನಡುವೆ ಕೆಲವು ಕುಖ್ಯಾತ ಬ್ರಿಟಿಷ್ ಅಪರಾಧಿಗಳು ಇಲ್ಲಿ ಆಶ್ರಯ ಪಡೆದರು. ಬ್ರಿಟಿಷ್ ಪತ್ರಿಕೆಗಳು ಇಡೀ ತೀರಕ್ಕೆ ‘ಅಪರಾಧದ ಕರಾವಳಿ’ ಎಂದು ಅಡ್ಡಹೆಸರಿಟ್ಟವು. ಪಿಂಚಣಿಯಲ್ಲಿ ಬದುಕುವ ನಿವೃತ್ತ ಶಿಕ್ಷಕನೂ ಆ ಹೆಸರಿನ ನೆರಳಿಗೆ ಸಿಕ್ಕಿಕೊಂಡ.

ಮೂರನೆಯ ಕಣ್ಣು

ಮೊದಲ ಪಾಠದಲ್ಲಿ ಪೂರ್ತಿಯಾಗಿ ಬಿಟ್ಟುಹೋದದ್ದು ಇದು. ಆ ಊರಿನ ಮೂಲ ಜನ ಈ ಇಬ್ಬರನ್ನೂ ಹೇಗೆ ಕಾಣುತ್ತಾರೆ? ಸ್ಪೇನಿನ ಆಡುಮಾತಿನಲ್ಲಿ ಉತ್ತರ ಯುರೋಪಿನ ಬಿಳಿಯ ವಿದೇಶಿಯನಿಗೆ ‘ಗಿರಿ’ ಎನ್ನುತ್ತಾರೆ. (ಈ ಪದ ಕೇಳಿ ನಮ್ಮ ಮಕ್ಕಳಿಗೆ ಬೆಟ್ಟ ನೆನಪಾಗಿ ನಗು ಬರುತ್ತದೆ. ನಗಲಿ, ಪದ ನೆನಪಿನಲ್ಲಿ ಉಳಿಯುತ್ತದೆ.) ಸ್ವಲ್ಪ ತಮಾಷೆ, ಸ್ವಲ್ಪ ಕೊಂಕು ಬೆರೆತ ಈ ಪದ ಮುಖ್ಯವಾಗಿ ಪ್ರವಾಸಿಗನಿಗೆ ಅಂಟಿದ್ದು. ಆದರೆ ಇಪ್ಪತ್ತು ವರ್ಷದಿಂದ ಅಲ್ಲೇ ಇರುವವನಿಗೂ ಅದು ತಪ್ಪುವುದಿಲ್ಲ. ಹೀಗೆ ನೆಲೆಸಿದ ವಿದೇಶಿಯರ ಕುರಿತು ಬರೆಯುವಾಗ ಸ್ಪೇನಿನ ವಿದ್ವಾಂಸರು ಬಳಸುವ ಪದವೇ ‘ನಿವಾಸಿ ಪ್ರವಾಸೋದ್ಯಮ’. ತಾನು ಪ್ರವಾಸಿಯಲ್ಲ ಎಂದು ಎಷ್ಟು ಹೇಳಿಕೊಂಡರೂ ಹೆಸರಿನಲ್ಲಿಯೇ ‘ಪ್ರವಾಸ’ ಕೂತಿದೆ.

ಕಾನೂನು ಎಳೆಯುವ ಗೆರೆ ಮತ್ತೊಂದು. 2021ರ ಜನವರಿಯಿಂದ, ಸ್ಪೇನಿನಲ್ಲಿ ವಾಸದ ಪರವಾನಗಿ ಇಲ್ಲದ ಬ್ರಿಟಿಷರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅಲ್ಲಿ ಸ್ವಂತ ಮನೆ ಇದ್ದು, ಚಳಿಗಾಲವಿಡೀ ಇದ್ದು ಹೋಗುತ್ತಿದ್ದವರು, ಅಧಿಕೃತವಾಗಿ ನೋಂದಾಯಿಸಿಕೊಳ್ಳದೆ ಇದ್ದುಬಿಟ್ಟಿದ್ದರೆ, ಕಾನೂನಿನ ಕಣ್ಣಿನಲ್ಲಿ ಸಂದರ್ಶಕರಾದರು. ಇನ್ನು 2024ರ ಜೂನ್‌ನಲ್ಲಿ ಮಾಲಗಾ ನಗರದಲ್ಲಿ ಸಾವಿರಾರು ಜನ ಮನೆಬಾಡಿಗೆಯ ಏರಿಕೆ ಮತ್ತು ಪ್ರವಾಸಿಗರಿಗಾಗಿ ಮನೆಗಳು ಖಾಲಿಯಾಗುವುದರ ವಿರುದ್ಧ ಬೀದಿಗಿಳಿದರು. ಬಾಡಿಗೆ ಕಟ್ಟಲಾಗದ ಹೋಟೆಲ್ ನೌಕರನಿಗೆ, ವಾರಕ್ಕೆ ಬಂದವನಿಗೂ ವಿದೇಶದ ಹಣದಲ್ಲಿ ಮನೆ ಕೊಂಡವನಿಗೂ ಬಹಳ ವ್ಯತ್ಯಾಸ ಕಾಣದಿರಬಹುದು.

ಈ ಮೂರನ್ನೂ ಸೇರಿಸಿ ನೋಡಿದಾಗ ಪಾಠದ ತಿರುಳು ಹೊರಬರುತ್ತದೆ: ‘ನಾನು ಪ್ರವಾಸಿಯಲ್ಲ’ ಎಂಬ ಮಾತು ಪ್ರವಾಸಿಗನ ಬಗ್ಗೆ ತಿಳಿಸುವುದಕ್ಕಿಂತ ಹೆಚ್ಚಾಗಿ, ಆಡುವವನ ನೆಲೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ತಿಳಿಸುತ್ತದೆ. ನೆಲೆ ಗಟ್ಟಿಯಿದ್ದವರು ಅದನ್ನು ಹೇಳಿಕೊಳ್ಳಬೇಕಾಗಿಲ್ಲ.

ಪಾಠ ಯೋಜನೆ

ತರಗತಿ: 9. ಅವಧಿ: 40 ನಿಮಿಷಗಳ ಎರಡು ತರಗತಿಗಳು. ಪ್ರವಾಸೋದ್ಯಮ ಅಥವಾ ವಲಸೆಯ ಘಟಕದೊಂದಿಗೆ ಹೊಂದಿಸಿಕೊಳ್ಳಬಹುದು.

ಕಲಿಕಾ ಫಲಗಳು: ವಿದ್ಯಾರ್ಥಿಯು (1) ಒಂದು ಗುಂಪಿನ ಬಗ್ಗೆ ಕೇಳಿದ ಮಾತು ಯಾರದ್ದು ಎಂದು ಗುರುತಿಸುತ್ತಾನೆ/ಳೆ, (2) ಆ ಮಾತಿಗೂ ಆಡಿದವರ ಸ್ಥಿತಿಗೂ ಇರುವ ಸಂಬಂಧವನ್ನು ವಿವರಿಸುತ್ತಾನೆ/ಳೆ, (3) ಎರಡು ಗುಂಪುಗಳ ಚರ್ಚೆಯಲ್ಲಿ ಕಾಣದೆ ಉಳಿದ ಮೂರನೆಯ ಗುಂಪನ್ನು ಹುಡುಕುತ್ತಾನೆ/ಳೆ.

ಬೋಧನೋಪಕರಣ: ಯುರೋಪಿನ ಭೂಪಟ, ನಾಲ್ಕು ಪಾತ್ರದ ಚೀಟಿಗಳು.

ತೊಡಗಿಸುವಿಕೆ (10 ನಿಮಿಷ): ಸ್ಪೇನಿನಿಂದ ಆರಂಭಿಸಬೇಡಿ, ಅಜ್ಜಿಮನೆಯಿಂದ ಆರಂಭಿಸಿ. “ಬೇಸಿಗೆ ರಜೆಯಲ್ಲಿ ನೀವು ಒಂದು ತಿಂಗಳು ಅಜ್ಜಿಮನೆಯಲ್ಲಿದ್ದೀರಿ. ಹಬ್ಬಕ್ಕೆಂದು ಇನ್ನೊಬ್ಬ ಚಿಕ್ಕಪ್ಪನ ಮಕ್ಕಳು ಎರಡು ದಿನಕ್ಕೆ ಬಂದರು. ನೆಂಟರು ಯಾರು? ಕಾಫಿ ಮೊದಲು ಯಾರಿಗೆ? ಲೋಟ ತೊಳೆಯುವವರು ಯಾರು?” ಮಕ್ಕಳು ಉತ್ಸಾಹದಿಂದ ಎರಡು ದಿನದವರನ್ನು ‘ನೆಂಟರು’ ಎನ್ನುತ್ತಾರೆ. ಆಗ ಕೇಳಿ: “ವರ್ಷವಿಡೀ ಆ ಮನೆಯಲ್ಲಿ ಅಡುಗೆ ಮಾಡುವ ಅತ್ತೆಯನ್ನು ಕೇಳಿದರೆ ಏನು ಹೇಳಿಯಾರು?” ಮರುಬೋಧನೆಯಲ್ಲಿ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಇಬ್ರೂ ನೆಂಟ್ರೇ ಅಂತಾರೆ ಮಿಸ್!” ಇಡೀ ಪಾಠಕ್ಕೆ ಬೇಕಾದ ಕೀಲಿಕೈ ಅದೇ ಉತ್ತರ. ಅದನ್ನು ಹಲಗೆಯ ಮೂಲೆಯಲ್ಲಿ ಬರೆದು ಉಳಿಸಿಕೊಳ್ಳಿ.

ಪರಿಶೋಧನೆ (30 ನಿಮಿಷ): ಭೂಪಟದಲ್ಲಿ ಬ್ರಿಟನ್ ಮತ್ತು ಮಾಲಗಾ ಗುರುತಿಸಿ, ತರಗತಿಯನ್ನು ನಾಲ್ಕು ಗುಂಪು ಮಾಡಿ. ಒಂದೊಂದು ಗುಂಪಿಗೆ ಒಂದು ಚೀಟಿ: ಹನ್ನೆರಡು ವರ್ಷದಿಂದ ನೆಲೆಸಿದ ನಿವೃತ್ತ ಬ್ರಿಟಿಷ್ ದಂಪತಿ, ಒಂದು ವಾರಕ್ಕೆ ಬಂದ ಬ್ರಿಟಿಷ್ ಕುಟುಂಬ, ಕಾಫಿ ಅಂಗಡಿ ನಡೆಸುವ ಬ್ರಿಟಿಷ್ ಮಹಿಳೆ, ಹೋಟೆಲಿನಲ್ಲಿ ಕೋಣೆ ಶುಚಿಗೊಳಿಸುವ ಆ ಊರಿನ ಮಹಿಳೆ. ಚೀಟಿಯಲ್ಲಿ ಅಭಿಪ್ರಾಯ ಬರೆಯಬೇಡಿ. ಸ್ಥಿತಿಯನ್ನು ಮಾತ್ರ ಬರೆಯಿರಿ: ಎಂದು ಬಂದರು, ಎಂದು ಹೋಗುತ್ತಾರೆ, ಹಣ ಎಲ್ಲಿಂದ ಬರುತ್ತದೆ, ಯಾವ ಭಾಷೆ ಬರುತ್ತದೆ, ಮನೆ ಸ್ವಂತದ್ದೋ ಬಾಡಿಗೆಯದೋ. ಉಳಿದ ಮೂವರ ಬಗ್ಗೆ ಈ ವ್ಯಕ್ತಿ ಏನು ಹೇಳಬಹುದು, ಏಕೆ ಎಂದು ಗುಂಪು ಚರ್ಚಿಸಿ ಬರೆಯುತ್ತದೆ. ಇವು ಪಾಠಕ್ಕಾಗಿ ರಚಿಸಿದ ಪಾತ್ರಗಳೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು.

ವಿವರಣೆ (ಎರಡನೇ ತರಗತಿ, 15 ನಿಮಿಷ): ಹಲಗೆಯ ಮೇಲೆ ಅಂಕಣಗಳ ಬದಲು ತ್ರಿಕೋನ ಬರೆಯಿರಿ. ಮೂರು ಮೂಲೆಗಳಲ್ಲಿ ನಿವಾಸಿ, ಪ್ರವಾಸಿ, ಊರಿನವರು. ಪ್ರತಿ ಮಾತನ್ನೂ ಬಾಣದ ಗೆರೆಯ ಮೇಲೆ ಬರೆಯಿರಿ, ಮೂಲೆಯಲ್ಲಿ ಬರೆಯಬೇಡಿ. ಬಾಣ ಎಲ್ಲಿಂದ ಹೊರಟಿತು, ಎಲ್ಲಿಗೆ ತಲುಪಿತು ಎಂಬುದು ಆಗ ಮಕ್ಕಳ ಕಣ್ಣಿಗೆ ಬೀಳುತ್ತದೆ. ಕಾಫಿ ಅಂಗಡಿಯ ಮಹಿಳೆಯನ್ನು ಎಲ್ಲಿ ಇಡಬೇಕೆಂದು ಜಗಳವಾಗುತ್ತದೆ. ಅವಳು ನಿವಾಸಿ, ಆದರೆ ಪ್ರವಾಸಿ ಬಾರದಿದ್ದರೆ ಅಂಗಡಿ ಮುಚ್ಚಬೇಕು. ಆ ಜಗಳವನ್ನು ಬೇಗ ಮುಗಿಸಬೇಡಿ. ಬಳಿಕ ಮೇಲಿನ ಹಿನ್ನೆಲೆಯಿಂದ ‘ಗಿರಿ’ ಪದವನ್ನೂ 90 ದಿನದ ನಿಯಮವನ್ನೂ ಹೇಳಿ.

ವಿಸ್ತರಣೆ (15 ನಿಮಿಷ): ಮಕ್ಕಳು ತಮ್ಮ ಊರಿನಲ್ಲಿ ಇಂಥ ತ್ರಿಕೋನ ಹುಡುಕಲಿ. ಜಾತ್ರೆಗೆ ಬೆಂಗಳೂರಿನಿಂದ ಬರುವವರು, ಹತ್ತು ವರ್ಷದ ಹಿಂದೆ ಬಂದು ನೆಲೆಸಿದವರು, ಹುಟ್ಟಿದಲ್ಲೇ ಇರುವವರು. ಹಾಸ್ಟೆಲಿನ ಹಳೆಯ ಮಕ್ಕಳು, ಹೊಸ ಮಕ್ಕಳು, ಅಡುಗೆಯವರು. ಜಾತಿ, ಭಾಷೆ, ವಲಸೆ ಕಾರ್ಮಿಕರ ಮಾತು ಬಂದರೆ ತರಗತಿಯಲ್ಲಿ ಯಾರ ಕಡೆಗೂ ಬೆರಳು ತೋರಿಸದಂತೆ ಬೋಧಕರು ಎಚ್ಚರ ವಹಿಸಬೇಕು.

ಮೌಲ್ಯಮಾಪನ (10 ನಿಮಿಷ): “ಪ್ರವಾಸಿಗರು ಗಲಾಟೆ ಮಾಡುತ್ತಾರೆ” ಎಂಬ ಒಂದೇ ವಾಕ್ಯ ಕೊಡಿ. ಇದನ್ನು ಯಾರು ಹೇಳಿರಬಹುದು, ಅವರಿಗೆ ಇದು ಏಕೆ ಮುಖ್ಯ, ಇದನ್ನು ಪರೀಕ್ಷಿಸಲು ಇನ್ನು ಯಾರನ್ನು ಕೇಳಬೇಕು ಎಂದು ಐದು ಸಾಲು ಬರೆಯಲಿ. ಸರಿ-ತಪ್ಪು ಉತ್ತರಕ್ಕೆ ಅಂಕವಿಲ್ಲ, ಕಾರಣಕ್ಕೆ ಅಂಕ.

ಎಚ್ಚರಿಸಬೇಕಾದ ಎರಡು ಮಾತು

ಒಂದು, ಪಾಠವನ್ನು ತಿರುಗಿಸಿ ನಿವಾಸಿಗಳನ್ನು ಕಪಟಿಗಳೆಂದು ತೋರಿಸುವ ಅಪಾಯವಿದೆ. ಅದು ಹಳೆಯ ತಪ್ಪಿನ ಮಗ್ಗುಲು ಬದಲಾವಣೆ ಅಷ್ಟೇ. ಮುಪ್ಪಿನಲ್ಲಿ ಪರದೇಶದಲ್ಲಿ ಬದುಕು ಕಟ್ಟಿಕೊಂಡವರಿಗೆ ‘ನಾನು ಇಲ್ಲಿಯವನು’ ಎನ್ನುವ ಆಸೆ ನಿಜವಾದದ್ದು. ಎರಡು, ‘ಎಲ್ಲರೂ ಅವರವರ ದೃಷ್ಟಿಯಲ್ಲಿ ಸರಿ’ ಎಂದು ಮುಗಿಸಬೇಡಿ. ರಾತ್ರಿಯ ಗದ್ದಲ, ಬಾಡಿಗೆಯ ಏರಿಕೆ ವಿಚಾರಿಸಿ ತಿಳಿಯಬಹುದಾದ ಸಂಗತಿಗಳು. ಮಾತು ಯಾರದ್ದು ಎಂದು ಕೇಳುವುದು ಮೊದಲ ಹೆಜ್ಜೆ, ನಿಜವೇ ಎಂದು ನೋಡುವುದು ಎರಡನೆಯದು.

ಮರುಬೋಧನೆಯ ಕೊನೆಯಲ್ಲಿ ಒಬ್ಬ ಹುಡುಗಿ ಬರೆದ ಉತ್ತರದಲ್ಲಿ ಕೊನೆಯ ಸಾಲು ಹೀಗಿತ್ತು: “ಅತ್ತೆಯನ್ನು ಕೇಳಬೇಕು.” ಪ್ರಶಿಕ್ಷಣಾರ್ಥಿ ಅದಕ್ಕೆ ಪೂರ್ಣ ಅಂಕ ಕೊಟ್ಟರು. ನಾನೂ ಒಪ್ಪಿದೆ.