ನೀರೂ ಒಳಬರಬಾರದು, ಬೆವರೂ ಒಳಗುಳಿಯಬಾರದು

ನಮ್ಮ ಕಾಲೇಜಿನಲ್ಲಿ ಓದಿ, ಈಗ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ಹುಡುಗನೊಬ್ಬ ಕಳೆದ ಬೇಸಗೆಯಲ್ಲಿ ನನಗೊಂದು ವಿಚಿತ್ರವಾದ ಪ್ರಶ್ನೆಯನ್ನು ಬರೆದು ಕಳುಹಿಸಿದ. ಡೀ ಎಂಬ ನದಿ ಆ ನಗರದ ಬಳಿಯಲ್ಲಿಯೇ ಉತ್ತರ ಸಮುದ್ರವನ್ನು ಸೇರುತ್ತದೆ. ಅದು ಸಾಲ್ಮನ್ ಮೀನಿಗೆ ಹೆಸರಾದ ಹೊಳೆ. ರಜಾದಿನಗಳಲ್ಲಿ ಗೆಳೆಯರೊಡನೆ ಗಾಳ ಹಿಡಿದು ಅಲ್ಲಿಗೆ ಹೋಗುವ ಹವ್ಯಾಸ ಅವನಿಗೆ ಹತ್ತಿದೆ. ಅಲ್ಲಿಯ ಗಾಳಗಾರರು ದಡದಲ್ಲಿ ಕುಳಿತಿರುವವರಲ್ಲ. ತೊಡೆಯ ಮಟ್ಟದ, ಸೊಂಟದ ಮಟ್ಟದ ನೀರಿಗಿಳಿದು ಹರಿವಿನ ನಡುವೆ ಗಂಟೆಗಟ್ಟಲೆ ನಿಲ್ಲುತ್ತಾರೆ. ವಸಂತ ಋತುವಿನಲ್ಲಿಯೂ ಆ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಆದುದರಿಂದ ಪಾದದಿಂದ ಎದೆಯವರೆಗೆ ಮುಚ್ಚುವ, ಷರಾಯಿಯನ್ನೂ ಕಾಲುಚೀಲವನ್ನೂ ಒಂದಾಗಿ ಸೇರಿಸಿದ, ನೀರು ಹಾಯದ ಉಡುಪೊಂದನ್ನು ಅವರು ತೊಡುತ್ತಾರೆ. ಅದಕ್ಕೆ ವೇಡರ್ ಎಂದು ಹೆಸರು.

ನಮ್ಮ ಹುಡುಗ ಅಗ್ಗದ ವೇಡರೊಂದನ್ನು ಕೊಂಡ. ನೈಲಾನ್ ಬಟ್ಟೆಗೆ ಪ್ಲಾಸ್ಟಿಕ್ ಲೇಪ ಕೊಟ್ಟದ್ದು. ಮೊದಲನೆಯ ದಿನವೇ ದಡದುದ್ದಕ್ಕೂ ಮೂರು ಮೈಲಿ ನಡೆದು, ಎರಡು ಗಂಟೆ ನೀರಿನಲ್ಲಿ ನಿಂತು, ಮನೆಗೆ ಬಂದು ಬಿಚ್ಚಿ ನೋಡಿದರೆ ಒಳಗಿನ ಷರಾಯಿ ಹಿಂಡುವಂತೆ ಒದ್ದೆಯಾಗಿತ್ತು. ಎಲ್ಲಿಯೋ ತೂತಾಗಿರಬೇಕೆಂದು ರಾತ್ರಿ ದೀಪವಾರಿಸಿ, ಕಾಲಿನೊಳಗೆ ಟಾರ್ಚು ಹಿಡಿದು ಅಂಗುಲ ಅಂಗುಲವಾಗಿ ಹುಡುಕಿದ. ಬೆಳಕು ಎಲ್ಲಿಯೂ ಹೊರಬೀಳಲಿಲ್ಲ. “ಸಾರ್, ತೂತೇ ಇಲ್ಲ. ನೀರು ಎಲ್ಲಿಂದ ಬಂತು? ಮೂರು ಪಟ್ಟು ಬೆಲೆಯ, ಉಸಿರಾಡುವ ಬಟ್ಟೆಯ ವೇಡರನ್ನು ಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ವಿದ್ಯಾರ್ಥಿವೇತನದ ಹಣ. ಕೊಳ್ಳಲೇ, ಬೇಡವೇ?” ಎಂದು ಕೇಳಿದ್ದ.

ನೀರು ಬಂದದ್ದು ಹೊಳೆಯಿಂದಲ್ಲ, ಅವನ ಮೈಯಿಂದಲೇ. ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮಣಿಕಟ್ಟಿನ ಬಳಿ ಸಡಿಲವಾಗಿ ಕಟ್ಟಿಕೊಂಡು ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಚೀಲದ ಒಳಮೈ ಮಂಜು ಮುಸುಕಿದಂತಾಗುತ್ತದೆ. ಆಮೇಲೆ ಆ ಕೈಯನ್ನು ಹಾಗೆಯೇ ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿ, ಮಂಜು ಹನಿಗಟ್ಟುತ್ತದೆ. ಬಿರುಸಾಗಿ ನಡೆಯುವವನ ಮೈಯಿಂದ ಗಂಟೆಗೆ ಅರ್ಧ ಲೀಟರಿನಷ್ಟು ಬೆವರು ಹೊರಡುವುದು ಅಸಾಧಾರಣವೇನಲ್ಲ. ಹೋಗಲು ದಾರಿಯಿಲ್ಲದಿದ್ದರೆ ಅದು ಬಟ್ಟೆಯಲ್ಲಿಯೇ ಉಳಿಯಬೇಕು.

ಒದ್ದೆಯಾದರೆ ಆಯಿತೇನು, ಒಣಗಿಸಿಕೊಂಡರಾಯಿತು ಎನ್ನುವಂತಿಲ್ಲ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಸುಲಭವಾಗಿ ಉಷ್ಣವನ್ನು ಒಯ್ಯುತ್ತದೆ. ಉಣ್ಣೆಯ ಎಳೆಗಳ ನಡುವೆ ಗಾಳಿಯಿದ್ದಷ್ಟು ಹೊತ್ತು ಬಟ್ಟೆ ಬೆಚ್ಚಗಿಡುತ್ತದೆ. ಆ ಗಾಳಿಯ ಸ್ಥಾನದಲ್ಲಿ ನೀರು ತುಂಬಿಕೊಂಡರೆ ಅದೇ ಬಟ್ಟೆ ಉಷ್ಣವನ್ನು ಹೊರಗೆ ಸಾಗಿಸುವ ಸೇತುವೆಯಾಗುತ್ತದೆ. ಮೈಯ ಒಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಅದು ವೈದ್ಯರ ಗಮನಕ್ಕೆ ಬರಬೇಕಾದ ಸ್ಥಿತಿ. ಬೆರಳುಗಳ ಹಿಡಿತ ಅದಕ್ಕೂ ಮೊದಲೇ ಸಡಿಲವಾಗುತ್ತದೆ, ಹೆಜ್ಜೆ ತಪ್ಪುತ್ತದೆ. ಹರಿವಿನ ನಡುವೆ, ಜಾರುವ ಕಲ್ಲುಗಳ ಮೇಲೆ ನಿಂತವನಿಗೆ ಇದು ಸಣ್ಣ ಮಾತಲ್ಲ.

ನಮ್ಮ ಮಲೆನಾಡಿನಲ್ಲಿ ನಾಟಿಯ ಹೆಂಗಸರು ಬೆನ್ನ ಮೇಲೆ ಹೊದೆಯುವ ಗೊರಬು ಈ ತೊಡಕನ್ನು ಬಹು ಸರಳವಾಗಿ ಬಿಡಿಸಿದೆ. ಮಳೆ ಮೇಲಿನಿಂದ ಜಾರಿ ಹೋಗುತ್ತದೆ, ಬೆವರಿನ ಆವಿ ಕೆಳಗಿನ ತೆರಪಿನಿಂದ ಹೊರಡುತ್ತದೆ. ಆದರೆ ಗೊರಬು ಹೊದೆದು ಎದೆಮಟ್ಟದ ನೀರಿನಲ್ಲಿ ನಿಲ್ಲಲಾಗುವುದಿಲ್ಲ. ಅಲ್ಲಿ ತೆರಪೇ ಇರಬಾರದು. ಇದ್ದರೆ ನೀರಿಗೆ ಮುಚ್ಚಿರಬೇಕು, ಆವಿಗೆ ತೆರೆದಿರಬೇಕು.

ಇದು ಒಗಟಿನಂತೆ ತೋರಿದರೂ ಒಡೆಯುವುದು ಸುಲಭ. ಕೆಸುವಿನ ಎಲೆಯ ಮೇಲೆ ಬಿದ್ದ ಮಳೆಹನಿ ಎಲೆಗೆ ಅಂಟದೆ ಮುತ್ತಿನಂತೆ ಉರುಳುವುದನ್ನು ನೀವೆಲ್ಲರೂ ನೋಡಿದ್ದೀರಿ. ಮೇಣದಂಥ ಮೈಯನ್ನು ನೀರು ಒಲ್ಲದು. ತನ್ನ ಮೇಲ್ಮೈ ಸೆಳೆತದಿಂದ ಮುದುಡಿಕೊಂಡು ನಿಲ್ಲುತ್ತದೆ. ಚಹಾ ಸೋಸುವ ಜರಡಿಯನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆದು, ಕಣ್ಣುಗಳು ಮುಚ್ಚಿಹೋಗದಂತೆ ಕೊಡವಿ, ಆರಿದ ಮೇಲೆ ಮೆಲ್ಲಗೆ ನೀರು ಹಾಕಿ ನೋಡಿ. ತೂತುಗಳಿದ್ದರೂ ನೀರು ನಿಲ್ಲುತ್ತದೆ. ಕಣ್ಣಿನ ಅಗಲ 1 ಮಿಲಿಮೀಟರ್ ಇದ್ದರೆ ಅದು ತಡೆಯಬಲ್ಲ ನೀರಿನ ಎತ್ತರ ಸುಮಾರು 1 ಸೆಂಟಿಮೀಟರ್. ಅದಕ್ಕೆ ಮೀರಿದರೆ ಸೋರುತ್ತದೆ. ಇಲ್ಲಿರುವ ನಿಯಮ ಬಹಳ ಉಪಯುಕ್ತವಾದುದು: ರಂಧ್ರ ಎಷ್ಟು ಪಟ್ಟು ಕಿರಿದಾಗುವುದೋ ಅದು ತಡೆಯುವ ಒತ್ತಡ ಅಷ್ಟೇ ಪಟ್ಟು ಹೆಚ್ಚುತ್ತದೆ. ರಂಧ್ರದ ಅಗಲವನ್ನು ಸಾವಿರದಲ್ಲೊಂದು ಪಾಲು ಮಾಡಿದರೆ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಇಳಿಸಿದರೆ, ಅದು ಸುಮಾರು 10 ಮೀಟರ್ ಆಳದ ನೀರನ್ನು ತಡೆದೀತು. ನೀರಿನ ಅಣುವಾದರೋ ಅಂಥ ರಂಧ್ರಕ್ಕಿಂತ ಸಾವಿರಾರು ಪಟ್ಟು ಕಿರಿದು. ಹನಿಯಾಗಿ ಒಳಬರಲಾರದ ನೀರು ಬಿಡಿಬಿಡಿ ಅಣುಗಳಾಗಿ, ಅಂದರೆ ಆವಿಯಾಗಿ, ನಿರಾತಂಕವಾಗಿ ಹೊರಹೋಗಬಹುದು.

ಇಂಥ ಪೊರೆಯನ್ನು ಮಾಡುವ ಬಗೆ ದೊರೆತದ್ದು 1969ರಲ್ಲಿ. ಟೆಫ್ಲಾನ್ ಎಂಬ ವಸ್ತು 1938ರಿಂದಲೂ ಗೊತ್ತಿತ್ತು. ಅಮೆರಿಕದ ರಾಬರ್ಟ್ ಗೋರ್ ಅದರ ಕಾದ ಸರಳುಗಳನ್ನು ಹಿಗ್ಗಿಸುವ ಪ್ರಯತ್ನದಲ್ಲಿದ್ದ. ಮೆಲ್ಲಗೆ ಎಳೆದಾಗಲೆಲ್ಲ ಅವು ತುಂಡಾಗುತ್ತಿದ್ದವು. ಬೇಸತ್ತು ಒಮ್ಮೆ ಸರಕ್ಕನೆ ಎಳೆದ. ಸರಳು ತುಂಡಾಗದೆ ಉದ್ದಕ್ಕೆ ಹಿಗ್ಗಿತು, ಒಳಗೆಲ್ಲ ಸೂಕ್ಷ್ಮರಂಧ್ರಗಳು ತೆರೆದುಕೊಂಡವು. ಗೋರ್-ಟೆಕ್ಸ್ ಎಂಬ ಹೆಸರಿನಲ್ಲಿ ಮಳೆ ಉಡುಪಿಗೆ ಅದು ಬಳಕೆಗೆ ಬಂದದ್ದು 1976ರಲ್ಲಿ. ಟೆಫ್ಲಾನಿನ ಬಂಧುಗಳಾದ ಕೆಲವು ಫ್ಲೂರಿನ್ ಸಂಯುಕ್ತಗಳು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯದೆ ಉಳಿಯುತ್ತವೆಂಬ ಆಕ್ಷೇಪಣೆಯಿಂದಾಗಿ ಈಚಿನ ವರ್ಷಗಳಲ್ಲಿ ಪಾಲಿಎಥಿಲೀನಿನ ಪೊರೆಗಳೂ ಬಂದಿವೆ. ಅಗ್ಗದ ಉಡುಪುಗಳಲ್ಲಿ ಸಾಮಾನ್ಯವಾಗಿ ಇರುವುದು ಪಾಲಿಯುರೇಥೇನ್. ಅದರ ಕೆಲವು ಬಗೆಗಳಲ್ಲಿ ರಂಧ್ರಗಳೇ ಇಲ್ಲ. ಆವಿಯ ಅಣುಗಳು ಒಳಮೈಯಲ್ಲಿ ಹೀರಲ್ಪಟ್ಟು, ವಸ್ತುವಿನೊಳಗೇ ನುಸುಳಿ ಹೊರಮೈಯಿಂದ ಹಾರಿಹೋಗುತ್ತವೆ.

ಆದರೆ ದಾರಿ ತೆರೆದಿದ್ದ ಮಾತ್ರಕ್ಕೆ ಆವಿ ಹೊರಡುವುದಿಲ್ಲ. ತಳ್ಳುವ ಶಕ್ತಿಯೊಂದು ಬೇಕು. ಅಂಗಡಿಯವರು ಹೇಳದೆ ಬಿಡುವುದು ಇದನ್ನೇ. ಆವಿಯ ಒತ್ತಡ ಒಳಗೆ ಹೆಚ್ಚಾಗಿಯೂ ಹೊರಗೆ ಕಡಿಮೆಯಾಗಿಯೂ ಇರಬೇಕು. ಮೈಯ ಬಳಿ 30 ಡಿಗ್ರಿಯಲ್ಲಿ ಸಂತೃಪ್ತ ಆವಿಯ ಒತ್ತಡ ಪಾದರಸದ 32 ಮಿಲಿಮೀಟರ್. ಹೊರಗೆ 10 ಡಿಗ್ರಿಯ ಗಾಳಿಯಿದ್ದು ಆರ್ದ್ರತೆ ನೂರಕ್ಕೆ 80 ಎಂದಿಟ್ಟುಕೊಂಡರೆ ಅಲ್ಲಿಯ ಒತ್ತಡ ಸುಮಾರು 7. ವ್ಯತ್ಯಾಸ 25 ಮಿಲಿಮೀಟರ್. ಬಟ್ಟೆ ಚೆನ್ನಾಗಿ ಉಸಿರಾಡುತ್ತದೆ. ಅದೇ ಉಡುಪನ್ನು ಜುಲೈ ತಿಂಗಳಲ್ಲಿ ಮಂಗಳೂರಿಗೆ ತಂದಿರೆನ್ನಿ. ಹೊರಗೆ 27 ಡಿಗ್ರಿ, ಆರ್ದ್ರತೆ ನೂರಕ್ಕೆ 90 ಇದ್ದ ದಿನ ಗಾಳಿಯಲ್ಲಿಯೇ 24 ಮಿಲಿಮೀಟರ್ ಒತ್ತಡವಿರುತ್ತದೆ. ಉಳಿಯುವ ವ್ಯತ್ಯಾಸ 8 ಮಾತ್ರ. ಬೆಲೆ ಅದೇ, ಉಸಿರು ಮೂರರಲ್ಲೊಂದು ಪಾಲು.

ಇನ್ನು ನೀರಿನೊಳಗಿರುವ ಭಾಗದ ಮಾತು. 10 ಡಿಗ್ರಿಯ ನೀರಿಗೆ ಅಂಟಿಕೊಂಡಿರುವ ತೆಳು ಬಟ್ಟೆಯ ಒಳಮೈಯೂ ಹೆಚ್ಚುಕಡಮೆ ಅಷ್ಟೇ ತಣ್ಣಗಿರುತ್ತದೆ. ಅಲ್ಲಿಗೆ ಬಂದ ಆವಿ ಪೊರೆಯನ್ನು ದಾಟುವ ಮೊದಲೇ ಹನಿಗಟ್ಟುತ್ತದೆ. ಒಳಮೈಗೂ ಹೊರಮೈಗೂ ಉಷ್ಣತೆಯ ಅಂತರವೇ ಇಲ್ಲದ ಮೇಲೆ ಒತ್ತಡದ ಅಂತರವಾದರೂ ಎಲ್ಲಿಯದು? ಆದುದರಿಂದ ಎಷ್ಟೇ ದುಬಾರಿಯ ವೇಡರಾದರೂ ಮುಳುಗಿದ ಭಾಗದಲ್ಲಿ ಬಹಳ ಸ್ವಲ್ಪ ಉಸಿರಾಡುತ್ತದೆ. ಅದು ಚೆನ್ನಾಗಿ ಉಸಿರಾಡುವುದು ದಡದ ಮೇಲೆ, ನಡೆಯುವಾಗ. ನಮ್ಮ ಹುಡುಗನಿಗೆ ಬೆವರು ಬಂದದ್ದೂ ನಡೆಯುವಾಗಲೇ. ಹೊಳೆಯ ಪಕ್ಕದಲ್ಲೇ ವಾಹನದಿಂದಿಳಿದು ನೀರಿಗೆ ಕಾಲಿಡುವವನಿಗೆ ಉಸಿರಾಟಕ್ಕಾಗಿ ಮೂರು ಪಟ್ಟು ಹಣ ಕೊಡುವುದು ವ್ಯರ್ಥ. ಮೂರು ಮೈಲಿ ನಡೆಯುವವನಿಗೆ ಉಸಿರಾಡುವ ಬಟ್ಟೆ ಬೇಕೇ ಬೇಕು, ಆದರೆ ಅತ್ಯುತ್ತಮವಾದುದೇ ಬೇಕಿಲ್ಲ.

ಹಾಗಾದರೆ ಹಣವನ್ನು ಯಾವುದಕ್ಕೆ ಕೊಡಬೇಕು? ಮೊಣಕಾಲಿಗೆ. ಇದು ತಮಾಷೆಯಲ್ಲ, ಲೆಕ್ಕ ಹಾಕಿ ನೋಡೋಣ. ವೇಡರಿನ ಚೀಟಿಯ ಮೇಲೆ 10,000 ಮಿಲಿಮೀಟರ್ ಎಂದು ಬರೆದಿದ್ದರೆ ಬಟ್ಟೆ 10 ಮೀಟರ್ ನೀರಿನ ಒತ್ತಡವನ್ನು ತಡೆಯುತ್ತದೆಂದು ಅರ್ಥ. ಒಂದು ಮೀಟರ್ ಆಳದಲ್ಲಿ ನಿಲ್ಲುವವನಿಗೆ ಇದು ಬೇಕಾದುದಕ್ಕಿಂತ ಹತ್ತು ಪಟ್ಟು. ಆದರೆ 60 ಕಿಲೋಗ್ರಾಂ ತೂಕದವನು ಸಿಕ್ಕ ಮೀನನ್ನು ಬಿಡಿಸಲು ತೋಯ್ದ ಜಲ್ಲಿಯ ಮೇಲೆ ಮಂಡಿಯೂರಿದನೆನ್ನಿ. ಎರಡು ಮಂಡಿಗಳೂ ಸೇರಿ ನೆಲವನ್ನು ಮುಟ್ಟುವ ಜಾಗ 60 ಚದರ ಸೆಂಟಿಮೀಟರ್ ಎಂದರೆ, ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಒಂದೊಂದು ಕಿಲೋಗ್ರಾಂ ಭಾರ. ಇದು ಸರಿಯಾಗಿ 10 ಮೀಟರ್ ನೀರಿನ ಒತ್ತಡ! ಚೂಪು ಕಲ್ಲಿನ ತುದಿಯಲ್ಲಿ ಇನ್ನೂ ಹೆಚ್ಚು. ಹೊಳೆ ಹೊಗಿಸಲಾರದ ನೀರನ್ನು ನಮ್ಮ ತೂಕವೇ ಒಳಗೆ ಹೊಗಿಸುತ್ತದೆ. ಎದೆಯ ಭಾಗದಲ್ಲಿ ಬಟ್ಟೆ ತೆಳುವಾಗಿದ್ದರೂ ಚಿಂತೆಯಿಲ್ಲ, ಮಂಡಿ ಮತ್ತು ಆಸನದ ಕಡೆ ಪದರಗಳು ಹೆಚ್ಚಾಗಿರಲೇಬೇಕು.

ಎರಡನೆಯದು ಹೊಲಿಗೆ. ಸೂಜಿ ಹೊಕ್ಕ ತೂತು ಸೂಕ್ಷ್ಮರಂಧ್ರಗಳ ಪಕ್ಕದಲ್ಲಿ ಹೆಬ್ಬಾಗಿಲಿದ್ದಂತೆ. ಅದನ್ನು ಒಳಗಿನಿಂದ ಪಟ್ಟಿ ಅಂಟಿಸಿ ಮುಚ್ಚಿರುತ್ತಾರೆ. ಒಳತೊಡೆಗಳು ಒಂದಕ್ಕೊಂದು ಉಜ್ಜುವ ಕಡೆ ಹೊಲಿಗೆ ಬಂದಿದ್ದರೆ ಮೊದಲು ಸೋರುವುದು ಅಲ್ಲಿಯೇ. ಅಂಗಡಿಯಲ್ಲಿಯೇ ತೊಟ್ಟು, ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು, ಆಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಬೇಕು. ಬಿಗಿದರೆ ಹೊಲಿಗೆ ಬಿಚ್ಚುತ್ತದೆ, ಅತಿ ಸಡಿಲವಾದರೆ ಮಡಿಕೆಗಳು ಉಜ್ಜಿ ಸವೆಯುತ್ತವೆ. ಪಾದಕ್ಕೆ ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಕಾಲುಚೀಲವಿದ್ದು, ಅದರ ಮೇಲೆ ಬೇರೆ ಬೂಟು ತೊಡುವಂಥದು ನಡೆಯುವವನಿಗೆ ಮೇಲು. ಬೂಟಿನೊಳಕ್ಕೆ ಮರಳು ನುಗ್ಗದಂತೆ ಕಣಕಾಲಿನ ಬಳಿ ಮುಚ್ಚಿಗೆ ಇರಬೇಕು, ಇಲ್ಲವಾದರೆ ಮರಳು ಅರದಂತೆ ಕೆಲಸ ಮಾಡುತ್ತದೆ. ಮುಂದುಗಡೆಯ ಜಿಪ್ಪು, ನಾಲ್ಕಾರು ಜೇಬುಗಳು ಬೆಲೆಯನ್ನು ಏರಿಸುತ್ತವೆಯೇ ಹೊರತು ಬಾಳಿಕೆಯನ್ನಲ್ಲ. ಸೊಂಟಪಟ್ಟಿ ಮಾತ್ರ ಇರಲೇಬೇಕು. ವೇಡರಿನೊಳಗೆ ನೀರು ತುಂಬಿದರೆ ಅದು ಮನುಷ್ಯನನ್ನು ಕೆಳಗೆ ಎಳೆಯುತ್ತದೆಂಬ ನಂಬಿಕೆ ತಪ್ಪು. ನೀರಿನೊಳಗೆ ನೀರಿಗೆ ತೂಕವಿಲ್ಲವೆಂಬುದು ಆರ್ಕಿಮಿಡೀಸನಿಂದಲೂ ತಿಳಿದ ವಿಷಯ. ಆದರೆ ದಡ ಹತ್ತುವಾಗ ಅಷ್ಟೂ ನೀರನ್ನು ಹೊತ್ತು ಏಳಬೇಕಲ್ಲ! ಪಟ್ಟಿ ಬಿಗಿದಿದ್ದರೆ ಒಳಗೆ ನುಗ್ಗುವ ನೀರು ಬಹಳ ಕಡಿಮೆಯಾಗುತ್ತದೆ.

ಉಸಿರಾಟದ ಅಂಕೆಗಳನ್ನು, ಎಂದರೆ ದಿನವೊಂದಕ್ಕೆ ಚದರ ಮೀಟರಿಗೆ ಇಷ್ಟು ಗ್ರಾಂ ಆವಿ ಎಂಬುದನ್ನು, ನೋಡಿ ಮರುಳಾಗಬಾರದು. ಅಳೆಯುವ ವಿಧಾನಗಳು ಹಲವು; ಒಂದೇ ಬಟ್ಟೆ ಬೇರೆ ಬೇರೆ ವಿಧಾನದಲ್ಲಿ ಬೇರೆ ಬೇರೆ ಅಂಕೆ ಕೊಡುತ್ತದೆ.

ಬಾಳಿಕೆಯ ಅರ್ಧ ಭಾಗ ಕೊಂಡವನ ಕೈಯಲ್ಲಿದೆ. ಹೊರಬಟ್ಟೆಗೆ ಕೆಸುವಿನ ಎಲೆಯ ಗುಣ ಕೊಡುವ ಲೇಪವೊಂದಿರುತ್ತದೆ. ಕೆಸರು, ಜಿಡ್ಡು ಹತ್ತಿದರೆ ಆ ಗುಣ ಮಂಕಾಗಿ ಬಟ್ಟೆ ನೀರು ಕುಡಿಯುತ್ತದೆ, ಆವಿಯ ದಾರಿಗೆ ತೆರೆ ಎಳೆದಂತಾಗುತ್ತದೆ. ಆಗ ವೇಡರ್ ಕೆಟ್ಟಿತೆಂದು ಎಸೆಯುವವರುಂಟು. ತಯಾರಕರು ಹೇಳಿದ ಸೋಪಿನಿಂದ ತೊಳೆದು, ಲೇಪವನ್ನು ಹೊಸದಾಗಿ ಕೊಟ್ಟರೆ ಸಾಕು. ಒದ್ದೆಯಾಗಿ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಪ್ರತಿದಿನವೂ ಒಳಗನ್ನು ಹೊರಗೆ ಮಾಡಿ ನೆರಳಿನಲ್ಲಿ ತೂಗುಹಾಕಬೇಕು. ಒಳಗೆ ಹತ್ತಿಯ ಷರಾಯಿ ತೊಡಬಾರದು; ಅದು ಬೆವರನ್ನು ಹಿಡಿದಿಟ್ಟುಕೊಂಡು ಬೇಗನೆ ಆರುವುದಿಲ್ಲ. ಉಣ್ಣೆ ತನ್ನ ತೂಕದ ನೂರಕ್ಕೆ 30ರಷ್ಟು ಆವಿಯನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಕಂಬಳಿ ಹೊದೆದು ಮಳೆಯಲ್ಲಿ ಕುರಿ ಕಾಯುವ ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದೆಲ್ಲವನ್ನೂ ಬರೆದು, ನಡುವಿನ ಬೆಲೆಯದನ್ನು ಕೊಳ್ಳುವಂತೆ ಹುಡುಗನಿಗೆ ತಿಳಿಸಿದೆ. ಪಾಲಿಯುರೇಥೇನ್ ಪೊರೆಯ, ಮೇಲೆ ಮೂರು ಪದರ ಕಾಲಿಗೆ ಐದು ಪದರ ಇರುವ, ಜಿಪ್ಪಿಲ್ಲದ ವೇಡರೊಂದನ್ನು ಹಳೆಯದಕ್ಕಿಂತ ಒಂದೂವರೆ ಪಟ್ಟು ಬೆಲೆಗೆ ಕೊಂಡನಂತೆ. ನೀರಿನಲ್ಲಿ ನಿಂತಾಗ ತೊಡೆಯ ಬಳಿ ಈಗಲೂ ಸ್ವಲ್ಪ ತಂಪು ಜಿನುಗುತ್ತದೆ, ಆದರೆ ಮನೆಗೆ ನಡೆದು ಬರುವಷ್ಟರಲ್ಲಿ ಆರಿರುತ್ತದೆ ಎಂದು ಬರೆದಿದ್ದಾನೆ. ಹಳೆಯ ವೇಡರಿನ ಮಂಡಿಯ ಭಾಗವನ್ನು ಕತ್ತರಿಸಿ, ಮಂಡಿಯೂರುವಾಗ ಕೆಳಗೆ ಹಾಸಿಕೊಳ್ಳಲು ಜೇಬಿನಲ್ಲಿ ಇಟ್ಟುಕೊಂಡಿದ್ದಾನಂತೆ.