ಇಲಿಯನ್ನು ಕೊಲ್ಲುವಾಗಲೂ ಇಹ್ಸಾನ್

ಗುಬ್ಬಿ ಸೀಮೆಯ ತೆಂಗಿನ ತೋಟದವರಿಗೆ ಇಲಿಯ ಕಾಟವೇನೆಂದು ಹೇಳಬೇಕಾಗಿಲ್ಲ. ತೊಟ್ಟಿನ ಬಳಿ ತೂತಾದ ಎಳೆಗಾಯಿ ಮರದ ಬುಡದಲ್ಲಿ ಬಿದ್ದಿದ್ದರೆ ಅದು ಇಲಿಯ ಕೆಲಸ. ಅದನ್ನು ಕೊಲ್ಲಬಹುದೇ? ಕೊಲ್ಲಬಹುದು. ಹರಮ್‌ನಲ್ಲೂ ಕೊಲ್ಲಲು ಅನುಮತಿಯಿರುವ ಐದು ಜೀವಿಗಳಲ್ಲಿ ಇಲಿಯೂ ಒಂದೆಂದು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ.

ಆದರೆ ಅನುಮತಿಗೂ ಎಲ್ಲೆಯಿದೆ. ಕೊಲ್ಲುವಾಗಲೂ ಉತ್ತಮ ರೀತಿಯಲ್ಲಿ ಕೊಲ್ಲಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಬೆಂಕಿಯಿಂದ ಶಿಕ್ಷಿಸುವ ಹಕ್ಕು ಅಲ್ಲಾಹನಿಗೆ ಮಾತ್ರ ಎಂದರು. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀ ನರಕಕ್ಕೆ ಗುರಿಯಾದಳೆಂದು ಎಚ್ಚರಿಸಿದರು. ಹಾಗಿರುವಾಗ ಬೋನಿಗೆ ಬಿದ್ದ ಇಲಿಯನ್ನು ಹಸಿವಿನಿಂದ ಸಾಯಲು ಬಿಡುವುದು, ಸೀಮೆಎಣ್ಣೆ ಸುರಿದು ಸುಡುವುದು, ಮಕ್ಕಳ ಆಟಕ್ಕೆ ಕೊಡುವುದು ನಮಗೆ ಸಲ್ಲದು.

ವಿಷದ ವಿಚಾರ ಇನ್ನೂ ಸೂಕ್ಷ್ಮ. ಜಿಂಕ್ ಫಾಸ್ಫೈಡ್ ಬೆರೆಸಿದ ತಿಂಡಿ ನೆರೆಯವರ ಕೋಳಿ, ನಾಯಿಯನ್ನಷ್ಟೇ ಅಲ್ಲ, ಮಗುವನ್ನೂ ಕೊಲ್ಲಬಲ್ಲದು. ಆದ್ದರಿಂದ ಮೊದಲು ದಾರಿ ಮುಚ್ಚಿರಿ. ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ ಕಾಂಡಕ್ಕೆ 40 ಸೆಂ.ಮೀ. ಅಗಲದ ತಗಡು ಸುತ್ತಿರಿ. ಗರಿಗಳು ಪಕ್ಕದ ಮರಕ್ಕೆ ತಾಗದಿದ್ದರೆ ಇಲಿಗೆ ಮೇಲೇರುವುದು ಕಷ್ಟ. ಗೂಬೆಯನ್ನು ಅಪಶಕುನವೆಂದು ಓಡಿಸಬೇಡಿ. ಶಕುನದ ನಂಬಿಕೆಯನ್ನು ಪ್ರವಾದಿವರ್ಯರು(ಸ) ತಳ್ಳಿಹಾಕಿದ್ದಾರೆ. ಗೂಬೆಯೋ ರಾತ್ರಿ ಇಲಿ ಹಿಡಿದು ತೋಟ ಕಾಯುತ್ತದೆ.

ಕಾಯಿ ಉಳಿಸುವ ಆತುರದಲ್ಲಿ ನಾವು ಕರುಣೆಯನ್ನೂ ನೆರೆಯವರ ಹಕ್ಕನ್ನೂ ಕಳೆದುಕೊಳ್ಳದಿರೋಣ.